ಚಕ್ರ ನೆಲ ಬಿಡಬಾರದು: ಲೋಟಸ್ ಕಾರುಗಳ ಜನಕ ಕಾಲಿನ್ ಚಾಪ್‌ಮನ್

ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಸಾಗಿ ಹಂಗಳದ ಬಳಿ ಬಲಕ್ಕೆ ಹೊರಳಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ ಸಿಗುತ್ತದೆ. ಸಮುದ್ರ ಮಟ್ಟದಿಂದ 1454 ಮೀಟರ್ ಎತ್ತರದ ಈ ಬೆಟ್ಟದ ನೆತ್ತಿಯಲ್ಲಿ ವೇಣುಗೋಪಾಲಸ್ವಾಮಿಯ ಪುರಾತನ ದೇಗುಲವಿದೆ. ಖಾಸಗಿ ವಾಹನಗಳಿಗೆ ತಪ್ಪಲಿನವರೆಗೆ ಮಾತ್ರ ಅವಕಾಶ. ಕಾರಿನಲ್ಲಿ ಬಂದವರು ಅಲ್ಲಿ ಇಳಿದು, ತಿರುವುಗಳ ಕಡಿದಾದ ದಾರಿಯನ್ನು ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಏರಬೇಕು.

ಆ ಬಸ್ಸಿನಲ್ಲಿ ಕುಳಿತವರಿಗೆ ಒಂದು ಸಂಗತಿ ಅನುಭವಕ್ಕೆ ಬರುತ್ತದೆ. ಬಸ್ಸು ಖಾಲಿಯಿದ್ದಾಗ ಹಿಂದಿನ ಸೀಟಿನವರ ಬೆನ್ನು ಪ್ರತಿ ಗುಂಡಿಗೂ ಲೆಕ್ಕ ಕೊಡುತ್ತದೆ. ಅದೇ ಬಸ್ಸು ಜನರಿಂದ ತುಂಬಿದಾಗ ಓಟ ಹದವಾಗುತ್ತದೆ. ಅದರ ಅಡಿಯಲ್ಲಿರುವ ಸ್ಪ್ರಿಂಗುಗಳನ್ನು ತುಂಬಿದ ಭಾರಕ್ಕೆಂದು ಆರಿಸಿರುವುದೇ ಇದಕ್ಕೆ ಕಾರಣ. ಭಾರಕ್ಕೆ ತಕ್ಕ ಸ್ಪ್ರಿಂಗ್, ಸ್ಪ್ರಿಂಗಿಗೆ ತಕ್ಕ ಶಾಕ್ ಅಬ್ಸಾರ್ಬರ್, ಇವೆರಡಕ್ಕೂ ತಕ್ಕ ರಸ್ತೆ: ವಾಹನದ ಸಸ್ಪೆನ್ಷನ್ ಎಂಬ ವ್ಯವಸ್ಥೆಯ ಸಾರವೆಲ್ಲ ಇಷ್ಟರಲ್ಲೇ ಅಡಗಿದೆ.

ಬೆಂಗಳೂರು, ಮೈಸೂರುಗಳ ಕಾರು ಪ್ರಿಯರಿಗೆ ಈ ವಿಷಯ ಈಗ ಕೇವಲ ಪುಸ್ತಕದ ಪಾಠವಾಗಿ ಉಳಿದಿಲ್ಲ. ನಿತ್ಯ ಕಚೇರಿಗೆ ಓಡಿಸುವ ಕಾರನ್ನೇ, ಶುಲ್ಕ ಕಟ್ಟಿ, ರೇಸ್ ಟ್ರ್ಯಾಕಿನಲ್ಲಿ ಒಂದು ದಿನ ಮನಸಾರೆ ಓಡಿಸುವ ಟ್ರ್ಯಾಕ್ ಡೇ ಹವ್ಯಾಸ ಅವರಲ್ಲಿ ಬೆಳೆದಿದೆ. ಅದಕ್ಕಾಗಿ ಅವರು ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈಗೋ, 2003ರಲ್ಲಿ ಆರಂಭವಾದ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗುತ್ತಾರೆ. ಚಾಮರಾಜನಗರದ ಮಾರ್ಗ ಹಿಡಿದವರು ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿದು, ಸತ್ಯಮಂಗಲದ ಮೂಲಕ ಕೊಯಮತ್ತೂರು ಸೇರಬೇಕು. ಗುಂಡ್ಲುಪೇಟೆಯ ಕಡೆಯಿಂದ ಊಟಿ ದಾರಿ ಹಿಡಿದವರಿಗೆ ಬಂಡೀಪುರದಲ್ಲಿ ವನ್ಯಜೀವಿಗಳ ರಕ್ಷಣೆಗಾಗಿ ಹಾಕಿರುವ ಸಾಲು ಸಾಲು ರಸ್ತೆ ಉಬ್ಬುಗಳು ಎದುರಾಗುತ್ತವೆ. ಗಡಸು ಸ್ಪ್ರಿಂಗ್ ಹಾಕಿಸಿ ನೆಲಕ್ಕೆ ತಗ್ಗಿಸಿದ ಕಾರಿನ ತಳ ಈ ಉಬ್ಬುಗಳ ಮೇಲೆ ಉಜ್ಜದೆ ದಾಟುವುದು ಕಷ್ಟ.

ಹಾಗಾದರೆ ಉಬ್ಬುಗಳ ರಸ್ತೆಗೂ ನುಣುಪಾದ ಟ್ರ್ಯಾಕಿಗೂ ಒಂದೇ ಕಾರು ಒಗ್ಗುವುದು ಹೇಗೆ? ಸಸ್ಪೆನ್ಷನ್ ಗಡಸಾಗಿರಬೇಕೇ, ಮೃದುವಾಗಿರಬೇಕೇ? ಈ ಪ್ರಶ್ನೆಯನ್ನು ಬದುಕಿನುದ್ದಕ್ಕೂ ಬೆನ್ನಟ್ಟಿದವರು ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್. ಲೋಟಸ್ ಕಾರು ಕಂಪನಿಯ ಸ್ಥಾಪಕರಾದ ಅವರು ತೀರಿಕೊಂಡು 4 ದಶಕಗಳು ಕಳೆದಿವೆ. ಆದರೂ ಕಾರಿನ ಚಕ್ರ ಮತ್ತು ನೆಲದ ಸಂಬಂಧದ ಮಾತು ಬಂದಲ್ಲೆಲ್ಲ ಅವರ ಹೆಸರು ಬಾರದೆ ಇರದು.

ಹೋಟೆಲಿನ ಹಿಂದಿನ ಲಾಯ

ಆಂಟನಿ ಕಾಲಿನ್ ಬ್ರೂಸ್ ಚಾಪ್‌ಮನ್ ಜನಿಸಿದ್ದು 1928ರ ಮೇ 19ರಂದು, ಲಂಡನ್ ಸಮೀಪದ ರಿಚ್‌ಮಂಡ್‌ನಲ್ಲಿ. ತಂದೆ ಉತ್ತರ ಲಂಡನ್ನಿನ ಹಾರ್ನ್ಸಿಯಲ್ಲಿ ರೈಲ್ವೆ ಹೋಟೆಲ್ ನಡೆಸುತ್ತಿದ್ದರು. ಮಗ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಟ್ಟಡ ಮತ್ತು ಸೇತುವೆಗಳ ಬಲಾಬಲ ಅಳೆಯುವ ಸ್ಟ್ರಕ್ಚರಲ್ ಎಂಜಿನಿಯರಿಂಗ್ ಓದಿದರು. ವಿದ್ಯಾರ್ಥಿಯಾಗಿದ್ದಾಗಲೇ ವಿಮಾನ ಹಾರಿಸಲು ಕಲಿತರು. ಮುಂದೆ ಕೆಲಸಕ್ಕೆ ಸೇರಿದ್ದು ಅಲ್ಯೂಮಿನಿಯಂ ಕಂಪನಿಯೊಂದಕ್ಕೆ. ಈ ಮೂರು ಅನುಭವಗಳೂ ಅವರ ಕಾರುಗಳಲ್ಲಿ ಒಂದಾದವು. ಸೇತುವೆಯ ಲೆಕ್ಕಾಚಾರ, ವಿಮಾನದ ಹಗುರತನ ಹಾಗೂ ಅಲ್ಯೂಮಿನಿಯಂ ಹಾಳೆ ಇಲ್ಲದೆ ಲೋಟಸ್ ಇರಲಿಲ್ಲ.

ಕಾಲೇಜಿನ ದಿನಗಳಲ್ಲಿ ಅವರು ಗೆಳೆಯನೊಬ್ಬನ ಜತೆ ಹಳೆಯ ಕಾರುಗಳ ವ್ಯಾಪಾರ ಆರಂಭಿಸಿದ್ದರು. ಮಹಾಯುದ್ಧ ಮುಗಿದಿದ್ದರೂ ಬ್ರಿಟನ್ನಿನಲ್ಲಿ ಪೆಟ್ರೋಲು ಇನ್ನೂ ಪಡಿತರದಲ್ಲಿತ್ತು. 1947ರ ಕೊನೆಯ ಭಾಗದಲ್ಲಿ ಖಾಸಗಿ ಬಳಕೆಯ ಮೂಲ ಪಡಿತರವನ್ನೂ ಸರ್ಕಾರ ರದ್ದುಪಡಿಸಿತು. ಹಳೆಯ ಕಾರುಗಳ ಪೇಟೆ ಒಮ್ಮೆಲೇ ಕುಸಿಯಿತು. ಮಾರಾಟವಾಗದೆ ಉಳಿದದ್ದು ಒಂದು ಹಳೆಯ ಆಸ್ಟಿನ್ ಸೆವೆನ್ ಕಾರು. ಕೊಳ್ಳುವವರಿಲ್ಲದ ಆ ಪುಟ್ಟ ಕಾರನ್ನು ಬಿಚ್ಚಿ, ಬೇರೆಯೇ ಮೈ ತೊಡಿಸಿ, ಗುಡ್ಡಗಾಡಿನ ಸ್ಪರ್ಧೆಗಳಿಗೆ ಯೋಗ್ಯವಾಗಿಸಲು ಅವರು ಮುಂದಾದರು.

ಅದಕ್ಕೆ ಜಾಗ ಕೊಟ್ಟದ್ದು ಗೆಳತಿ ಹೇಝಲ್ ವಿಲಿಯಮ್ಸ್ ಅವರ ಮನೆಯ ಹಿಂದಿನ ಗ್ಯಾರೇಜು. 1948ರಲ್ಲಿ ಸಿದ್ಧವಾದ ಆ ಕಾರಿಗೆ ಅವರು ಲೋಟಸ್ ಎಂದು ಹೆಸರಿಟ್ಟರು. ಕಮಲದ ಹೆಸರನ್ನು ಏಕೆ ಆರಿಸಿಕೊಂಡರೆಂಬ ಗುಟ್ಟನ್ನು ಅವರು ಕೊನೆಯವರೆಗೂ ಬಿಟ್ಟುಕೊಡಲಿಲ್ಲ. ಹೇಝಲ್ ಬರಿಯ ಪ್ರೇಕ್ಷಕಿಯಾಗಿರಲಿಲ್ಲ. ಕೈಗೆ ಎಣ್ಣೆ ಮಸಿ ಮೆತ್ತಿಕೊಂಡು ಕಾರು ಕಟ್ಟಲು ನೆರವಾದರು. 1952ರ ಜನವರಿ 1ರಂದು ಲೋಟಸ್ ಎಂಜಿನಿಯರಿಂಗ್ ಕಂಪನಿ ಆರಂಭವಾದಾಗ ಬಂಡವಾಳವಾಗಿ ಒದಗಿದ 25 ಪೌಂಡು ಅವರದೇ. ಇಬ್ಬರೂ 1954ರ ಅಕ್ಟೋಬರಿನಲ್ಲಿ ವಿವಾಹವಾದರು. ಕಂಪನಿಯ ಮೊದಲ ಕಾರ್ಖಾನೆ ತಂದೆಯ ಹೋಟೆಲಿನ ಹಿಂದಿದ್ದ ಹಳೆಯ ಕುದುರೆ ಲಾಯ.

ವಾರವಿಡೀ ದುಡಿದು ವಾರಾಂತ್ಯದಲ್ಲಿ ರೇಸಿಗೆ ಹೋಗುವ ಸಾಮಾನ್ಯ ನೌಕರರೇ ಅವರ ಗ್ರಾಹಕರಾಗಿದ್ದರು. ಅವರಿಗಾಗಿ ರೂಪುಗೊಂಡ ಲೋಟಸ್ ಮಾರ್ಕ್ 6 ಬಿಡಿಭಾಗಗಳ ರೂಪದಲ್ಲಿ ಮನೆ ಸೇರುತ್ತಿತ್ತು. ಕೊಂಡವರು ತಾವೇ ಜೋಡಿಸಿಕೊಂಡರೆ ಹೊಸ ಕಾರಿನ ಮೇಲಿನ ಖರೀದಿ ತೆರಿಗೆ ಉಳಿಯುತ್ತಿತ್ತು. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್‌ಗಳನ್ನು ಹಳೆಯ ಫೋರ್ಡ್ ಕಾರಿನಿಂದ ತೆಗೆದು ಹಾಕಬಹುದಿತ್ತು. ಫೋರ್ಡ್‌ನ ಮುಂದಿನ ಆಕ್ಸಲ್ ಒಂದೇ ಉದ್ದನೆಯ ತೊಲೆ. ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದೂ ವಾಲುತ್ತಿತ್ತು. ಚಾಪ್‌ಮನ್ ಆ ತೊಲೆಯನ್ನು ನಡುವೆ ಕತ್ತರಿಸಿ, ಎರಡು ತುಂಡುಗಳನ್ನೂ ಕೀಲಿನ ಮೇಲೆ ಕೂರಿಸಿದರು. ಎಡ ಚಕ್ರ, ಬಲ ಚಕ್ರ ಸ್ವತಂತ್ರವಾದವು. ಕಡಿಮೆ ಖರ್ಚಿನಲ್ಲಿ ಬೀದಿ ಕಾರಿನ ಸಸ್ಪೆನ್ಷನ್ನನ್ನು ಟ್ರ್ಯಾಕಿಗೆ ಹೊಂದಿಸುವ ಜಾಣ್ಮೆಗೆ ಇದಕ್ಕಿಂತ ಸರಳ ಉದಾಹರಣೆ ಬೇಕಿಲ್ಲ.

1957ರಲ್ಲಿ ಬಂದ ಲೋಟಸ್ ಸೆವೆನ್ ಇದೇ ಪರಂಪರೆಯ ಫಲ. ಅದನ್ನು ಮನೆಯಿಂದ ಓಡಿಸಿಕೊಂಡು ಹೋಗಿ, ಟ್ರ್ಯಾಕಿನಲ್ಲಿ ಸ್ಪರ್ಧಿಸಿ, ಸಂಜೆ ಅದರಲ್ಲೇ ಮನೆಗೆ ಮರಳಬಹುದಿತ್ತು. ಟ್ರ್ಯಾಕ್ ಡೇ ಎಂಬ ಮಾತು ಚಾಲ್ತಿಗೆ ಬರುವ ಮೊದಲೇ ಆ ಬಗೆಯ ಕಾರು ಹುಟ್ಟಿತ್ತು. 1973ರಲ್ಲಿ ಅದರ ತಯಾರಿಕೆಯ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಗೆ ಹೋಯಿತು. ಆ ಸಂಸ್ಥೆಯ ಸೆವೆನ್ ಕಾರುಗಳು ಇಂದಿಗೂ ತಯಾರಾಗುತ್ತಿವೆ.

ಮೃದು ಸ್ಪ್ರಿಂಗು, ಗಟ್ಟಿ ಚೌಕಟ್ಟು

ರೇಸ್ ಕಾರು ಎಂದರೆ ಕಲ್ಲಿನಂತೆ ಗಡಸಾದ ಸಸ್ಪೆನ್ಷನ್ ಇರಲೇಬೇಕೆಂಬ ನಂಬಿಕೆ ಅಂದೂ ಇತ್ತು, ಇಂದೂ ಇದೆ. ಚಾಪ್‌ಮನ್ ಅದನ್ನು ಒಪ್ಪಲಿಲ್ಲ. ಕಾರನ್ನು ತಿರುಗಿಸುವುದು, ನಿಲ್ಲಿಸುವುದು, ಓಡಿಸುವುದು ಎಲ್ಲವೂ ಅಂಗೈಯಗಲದ ನಾಲ್ಕು ಟೈರು ತುಣುಕುಗಳಿಂದಲೇ ಆಗಬೇಕು. ಸ್ಪ್ರಿಂಗ್ ಗಡಸಾದರೆ ಸಣ್ಣ ಉಬ್ಬಿಗೂ ಚಕ್ರ ನೆಲ ಬಿಟ್ಟು ಜಿಗಿಯುತ್ತದೆ. ಗಾಳಿಯಲ್ಲಿರುವ ಟೈರಿಗೆ ಹಿಡಿತವಿಲ್ಲ. ಆದ್ದರಿಂದ ಸ್ಪ್ರಿಂಗ್ ಮೃದುವಾಗಿರಲಿ, ಚಕ್ರಕ್ಕೆ ಮೇಲೆ ಕೆಳಗೆ ಚಲಿಸಲು ಸಾಕಷ್ಟು ಅವಕಾಶವಿರಲಿ, ಅದರ ಕುಣಿತವನ್ನು ಒಳ್ಳೆಯ ಶಾಕ್ ಅಬ್ಸಾರ್ಬರ್ ತಡೆಯಲಿ ಎಂಬುದು ಅವರ ನಿಲುವಾಗಿತ್ತು.

ಇದಕ್ಕೆ ಎರಡು ಷರತ್ತುಗಳಿದ್ದವು. ಮೊದಲನೆಯದು, ಕಾರು ಹಗುರವಾಗಿರಬೇಕು. ಭಾರವಾದ ಕಾರಿಗೆ ಮೃದು ಸ್ಪ್ರಿಂಗ್ ಹಾಕಿದರೆ ತಿರುವಿನಲ್ಲಿ ದೋಣಿಯಂತೆ ವಾಲುತ್ತದೆ. ಎರಡನೆಯದು, ಚೌಕಟ್ಟು ತಿರುಚಿಕೊಳ್ಳಬಾರದು. ಚೌಕಟ್ಟೇ ಬಾಗಿದರೆ ಚಕ್ರಗಳ ಕೋನ ಕ್ಷಣಕ್ಷಣಕ್ಕೂ ಬದಲಾಗಿ, ಸಸ್ಪೆನ್ಷನ್ನಿನ ಲೆಕ್ಕವೆಲ್ಲ ವ್ಯರ್ಥವಾಗುತ್ತದೆ. ತೆಳು ಕೊಳವೆಗಳನ್ನು ತ್ರಿಕೋನಗಳಾಗಿ ಬೆಸೆದ ಚೌಕಟ್ಟು ಮೊದಲು ಬಂತು. 1962ರ ಲೋಟಸ್ 25 ರೇಸ್ ಕಾರಿನಲ್ಲಿ ವಿಮಾನದ ಒಡಲಿನಂತೆ ಹೊದಿಕೆಯೇ ಭಾರ ಹೊರುವ ಮಾನೊಕಾಕ್ ರಚನೆ ಬಂತು. ಅದೇ ವರ್ಷದ ಇಲಾನ್ ಎಂಬ ಬೀದಿ ಕಾರಿನಲ್ಲಿ ಉಕ್ಕಿನ ಬೆನ್ನೆಲುಬಿನಂಥ ಚೌಕಟ್ಟು ಬಂತು. ಇಲಾನ್ ಮೃದುವಾಗಿ ಓಡುತ್ತಿತ್ತು, ತಿರುವಿನಲ್ಲಿ ಮಾತ್ರ ನೆಲಕ್ಕೆ ಅಂಟಿಕೊಂಡಿರುತ್ತಿತ್ತು.

ಸರಳತೆ ಅವರ ಇನ್ನೊಂದು ಗೀಳು. ಒಂದು ಭಾಗ ಎರಡು ಕೆಲಸ ಮಾಡುವಂತಿದ್ದರೆ ಎರಡನೆಯ ಭಾಗ ಏಕೆ ಎಂದು ಕೇಳುತ್ತಿದ್ದ ಮನಸ್ಸು ಅದು. ಮಾರುತಿ 800 ಸೇರಿದಂತೆ ನಮ್ಮ ಬೀದಿಗಳ ಅಸಂಖ್ಯ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರುಗಳನ್ನು ಒಂದೇ ಕಂಬದಂತೆ ಜೋಡಿಸಿದ ಸಾಧನ ಅದು. ಅದೇ ತತ್ವವನ್ನು ಚಾಪ್‌ಮನ್ ಹಿಂದಿನ ಚಕ್ರಗಳಿಗೆ ಅಳವಡಿಸಿದರು. ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಶಾಫ್ಟನ್ನೇ ಸಸ್ಪೆನ್ಷನ್ನಿನ ಒಂದು ತೋಳಾಗಿಯೂ ದುಡಿಸಿಕೊಂಡರು. 1957ರ ಲೋಟಸ್ 12 ಮತ್ತು ಇಲೀಟ್ ಕಾರುಗಳಲ್ಲಿ ಬಂದ ಈ ವ್ಯವಸ್ಥೆಗೆ ಚಾಪ್‌ಮನ್ ಸ್ಟ್ರಟ್ ಎಂಬ ಹೆಸರೇ ಉಳಿಯಿತು.

ಸ್ಟ್ರಟ್ ಇರುವ ಕಾರನ್ನು ವಿಪರೀತ ತಗ್ಗಿಸುವವರು ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಕಾರು ತಗ್ಗಿದಂತೆಲ್ಲ ಚಕ್ರವನ್ನು ಹಿಡಿದಿರುವ ಕೆಳತೋಳು ಹೊರಬದಿಯಲ್ಲಿ ಮೇಲೇಳುತ್ತದೆ. ಆಗ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದು, ಕಾರಿನ ಗುರುತ್ವ ಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಿ, ತಿರುವಿನಲ್ಲಿ ಕಾರನ್ನು ವಾಲಿಸುವ ಒತ್ತಡವೂ ಹೆಚ್ಚುತ್ತದೆ. ಜತೆಗೆ ಸ್ಟ್ರಟ್ ಕುಗ್ಗಲು ಉಳಿಯುವ ಜಾಗ ಕಡಿಮೆಯಾಗಿ, ತುದಿಯ ರಬ್ಬರಿಗೆ ಬಡಿಯುತ್ತದೆ. ಹಣ ತೆತ್ತು ಹಿಡಿತ ಕಳೆದುಕೊಂಡಂತಾಗುತ್ತದೆ.

ಕಾರ್ಟಿನಾ ಕಲಿಸಿದ ಪಾಠ

ಹಾಗೆಂದು ಚಾಪ್‌ಮನ್ ಮಾಡಿದ್ದೆಲ್ಲ ಸರಿಯಾಯಿತೆಂದಲ್ಲ. ಅವರ ಬದುಕಿನ ಅತ್ಯಂತ ಉಪಯುಕ್ತ ಅಧ್ಯಾಯ ಬಹುಶಃ ಲೋಟಸ್ ಕಾರ್ಟಿನಾದ್ದು. ಫೋರ್ಡ್ ಕಂಪನಿ ತನ್ನ ಸಾಧಾರಣ ಕುಟುಂಬದ ಕಾರಾದ ಕಾರ್ಟಿನಾವನ್ನು ರೇಸಿಗೆ ಸಜ್ಜುಗೊಳಿಸಿಕೊಡುವಂತೆ ಕೇಳಿತು. ನಿಯಮದಂತೆ ಅಂಥ 1000 ಕಾರುಗಳನ್ನು ಸಾರ್ವಜನಿಕರಿಗಾಗಿ ತಯಾರಿಸಬೇಕಿತ್ತು. 1963ರಲ್ಲಿ ಬಂದ ಆ ಕಾರಿಗೆ 1558 ಸಿಸಿಯ, 105 ಅಶ್ವಶಕ್ತಿಯ ಲೋಟಸ್ ಎಂಜಿನ್ ಬಂತು. ಬಾಗಿಲು, ಬಾನೆಟ್, ಡಿಕ್ಕಿಯ ಮುಚ್ಚಳ ಅಲ್ಯೂಮಿನಿಯಂ ಆದವು.

ಸಾಮಾನ್ಯ ಕಾರ್ಟಿನಾದ ಹಿಂದಿನ ಆಕ್ಸಲ್ ಅನ್ನು ಲೀಫ್ ಸ್ಪ್ರಿಂಗ್ ಪಟ್ಟಿಗಳು ಹೊತ್ತಿದ್ದವು. ಚಾಪ್‌ಮನ್ ಅವನ್ನು ಕಿತ್ತುಹಾಕಿ ಕಾಯಿಲ್ ಸ್ಪ್ರಿಂಗ್ ಕೂರಿಸಿದರು. ಆಕ್ಸಲ್ ಅತ್ತಿತ್ತ ಸರಿಯದಂತೆ ಇಂಗ್ಲಿಷಿನ ಎ ಅಕ್ಷರದ ಆಕಾರದ ತೋಳೊಂದನ್ನು ಅಳವಡಿಸಿ, ಅದರ ತುದಿಯನ್ನು ಡಿಫರೆನ್ಷಿಯಲ್ ಗೂಡಿಗೆ ಬಿಗಿದರು. ಕಾಗದದ ಮೇಲೆ ಇದು ಸೊಗಸಾದ ಪರಿಹಾರ. ಟ್ರ್ಯಾಕಿನಲ್ಲೂ ಕಾರು ಮಿಂಚಿತು. ಒಳಬದಿಯ ಮುಂದಿನ ಚಕ್ರವನ್ನು ಗಾಳಿಯಲ್ಲೆತ್ತಿ ತಿರುವು ದಾಟುವ ಕಾರ್ಟಿನಾ ಆ ಕಾಲದ ರೇಸ್ ಪ್ರಿಯರ ಕಣ್ಣಲ್ಲಿ ನೆಲೆಸಿತು. ಜಿಮ್ ಕ್ಲಾರ್ಕ್ 1964ರಲ್ಲಿ ಇದೇ ಕಾರಿನಲ್ಲಿ ಬ್ರಿಟಿಷ್ ಸಲೂನ್ ಕಾರು ಚಾಂಪಿಯನ್ ಆದರು.

ಆದರೆ ಬೀದಿಗಿಳಿದಾಗ ಕಥೆ ಬೇರೆಯಾಯಿತು. ಆ ತೋಳಿನ ಎಳೆದಾಟವನ್ನೆಲ್ಲ ಹೊರಲೆಂದು ಫೋರ್ಡ್‌ನ ಡಿಫರೆನ್ಷಿಯಲ್ ಗೂಡನ್ನು ರೂಪಿಸಿರಲಿಲ್ಲ. ಬೋಲ್ಟುಗಳು ಸಡಿಲವಾಗುತ್ತಿದ್ದವು, ಎಣ್ಣೆ ಸೋರುತ್ತಿತ್ತು. ಸೋರಿದ ಎಣ್ಣೆ ತೋಳಿನ ರಬ್ಬರ್ ಬುಷ್‌ಗಳನ್ನು ಮೆತ್ತಗಾಗಿಸುತ್ತಿತ್ತು. 1965ರಲ್ಲಿ ಆ ವ್ಯವಸ್ಥೆಯನ್ನು ಕೈಬಿಟ್ಟು, ಅಪಹಾಸ್ಯಕ್ಕೆ ಗುರಿಯಾಗಿದ್ದ ಹಳೆಯ ಲೀಫ್ ಸ್ಪ್ರಿಂಗ್ ಪಟ್ಟಿಗಳಿಗೇ ಮರಳಲಾಯಿತು. ಕಾರಿನ ಖ್ಯಾತಿಗೇನೂ ಕುಂದು ಬರಲಿಲ್ಲ. ಒಂದು ಭಾಗವನ್ನು ಬದಲಿಸಿದಾಗ ಅದರ ಹೊರೆ ಇನ್ನೊಂದು ಭಾಗದ ಹೆಗಲಿಗೆ ಬೀಳುತ್ತದೆ, ಆ ಹೆಗಲಿಗೆ ಶಕ್ತಿಯಿದೆಯೇ ಎಂದು ಮೊದಲು ನೋಡಬೇಕು ಎಂಬುದನ್ನು ಕಾರ್ಟಿನಾ ತೋರಿಸಿಕೊಟ್ಟಿತು.

1970ರ ಲೋಟಸ್ 72 ಫಾರ್ಮುಲಾ ಒನ್ ಕಾರಿನಲ್ಲೂ ಇದೇ ಬಗೆಯ ಅನುಭವವಾಯಿತು. ಬ್ರೇಕ್ ಒತ್ತಿದಾಗ ಮೂತಿ ಕೆಳಗೆ ಬಾಗದಂತೆ, ವೇಗ ಹೆಚ್ಚಿಸಿದಾಗ ಹಿಂಬದಿ ಕುಸಿಯದಂತೆ ಸಸ್ಪೆನ್ಷನ್ ತೋಳುಗಳ ಕೋನಗಳನ್ನು ಜೋಡಿಸಲಾಗಿತ್ತು. ಕಾರು ಅಲುಗದೆ ನಿಂತಿತು ನಿಜ. ಆದರೆ ಅಲುಗಾಟದಿಂದಲೇ ಟೈರಿನ ಮನಸ್ಸನ್ನು ಓದುವ ಚಾಲಕರಿಗೆ ಏನೂ ತಿಳಿಯದಂತಾಯಿತು. ಆ ಕೋನಗಳನ್ನು ತೆಗೆದುಹಾಕಿದ ಮೇಲೆ ಅದೇ ಕಾರು ಬೇಸಿಗೆಯಲ್ಲಿ ಸತತ 4 ಗ್ರಾನ್ ಪ್ರಿ ಗೆದ್ದಿತು. ತಪ್ಪಿದ್ದಲ್ಲಿ ಹಿಂದೆ ಸರಿಯುವ ವೇಗದಲ್ಲೂ ಚಾಪ್‌ಮನ್ ತಂಡ ಇತರರಿಗಿಂತ ಮುಂದಿತ್ತು.

ಹಗುರತನದ ಬೆಲೆ

ಗೆಲುವಿನ ಪಟ್ಟಿ ಉದ್ದವಾಗಿದೆ. ಜಿಮ್ ಕ್ಲಾರ್ಕ್ 1963 ಮತ್ತು 1965ರಲ್ಲಿ ವಿಶ್ವ ಚಾಂಪಿಯನ್ ಆದರು. 1965ರಲ್ಲೇ ಅಮೆರಿಕದ ಇಂಡಿಯಾನಾಪೊಲಿಸ್ 500 ರೇಸನ್ನೂ ಗೆದ್ದರು. ಚಾಲಕನ ಬೆನ್ನ ಹಿಂದೆ ಎಂಜಿನ್ ಇರುವ ಕಾರು ಅಲ್ಲಿ ಗೆದ್ದದ್ದು ಅದೇ ಮೊದಲು. ಗ್ರಹಾಂ ಹಿಲ್ 1968ರಲ್ಲಿ, ಯೋಕೆನ್ ರಿಂಟ್ 1970ರಲ್ಲಿ, ಎಮರ್ಸನ್ ಫಿಟ್ಟಿಪಾಲ್ಡಿ 1972ರಲ್ಲಿ, ಮಾರಿಯೊ ಆಂಡ್ರೆಟ್ಟಿ 1978ರಲ್ಲಿ ಲೋಟಸ್‌ಗೆ ಪಟ್ಟ ತಂದರು. ತಯಾರಕರ ವಿಶ್ವ ಪ್ರಶಸ್ತಿ 7 ಬಾರಿ ಒಲಿಯಿತು. ಚಾಲಕ ಗೆದ್ದಾಗಲೆಲ್ಲ ತಮ್ಮ ಕಪ್ಪು ಟೋಪಿಯನ್ನು ಗಾಳಿಗೆ ತೂರುವ ಚಾಪ್‌ಮನ್ ಅವರ ಚಿತ್ರ ಪತ್ರಿಕೆಗಳಲ್ಲಿ ಸಾಮಾನ್ಯವಾಗಿತ್ತು.

ಇದರ ಪಕ್ಕದಲ್ಲೇ ಇನ್ನೊಂದು ಪಟ್ಟಿಯಿದೆ. ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ 1960ರಲ್ಲಿ ಸ್ಟರ್ಲಿಂಗ್ ಮಾಸ್ ಓಡಿಸುತ್ತಿದ್ದ ಲೋಟಸ್‌ನ ಚಕ್ರ ಕಳಚಿತು. ಮೈಕ್ ಟೇಲರ್ ಅವರ ಲೋಟಸ್‌ನ ಸ್ಟೀರಿಂಗ್ ಮುರಿಯಿತು. ಇಬ್ಬರೂ ತೀವ್ರವಾಗಿ ಗಾಯಗೊಂಡರು. 1968ರ ಏಪ್ರಿಲ್ 7ರಂದು ಜರ್ಮನಿಯ ಹಾಕೆನ್‌ಹೈಮ್‌ನಲ್ಲಿ ಜಿಮ್ ಕ್ಲಾರ್ಕ್ ಮರಗಳಿಗೆ ಅಪ್ಪಳಿಸಿ ಮೃತಪಟ್ಟರು. ಹಿಂದಿನ ಟೈರಿನ ಗಾಳಿ ಇಳಿದದ್ದೇ ಕಾರಣವಿರಬೇಕೆಂದು ಬಹುಮಂದಿ ನಂಬಿದ್ದಾರೆ. ಮನೆಯ ಮಗನಂತಿದ್ದ ಕ್ಲಾರ್ಕ್ ಸಾವು ಚಾಪ್‌ಮನ್ ಅವರನ್ನು ಜರ್ಜರಿತಗೊಳಿಸಿತು. 72 ಗ್ರಾನ್ ಪ್ರಿಗಳಲ್ಲಿ 25 ಗೆದ್ದಿದ್ದ ಕ್ಲಾರ್ಕ್ ಆ ಎಲ್ಲವನ್ನೂ ಲೋಟಸ್‌ನಲ್ಲೇ ಗೆದ್ದಿದ್ದರು.

ಮರುವರ್ಷ ಬಾರ್ಸಿಲೋನಾದಲ್ಲಿ ಹಿಲ್ ಮತ್ತು ರಿಂಟ್ ಇಬ್ಬರ ಕಾರುಗಳ ಎತ್ತರದ ರೆಕ್ಕೆಗಳೂ ಮುರಿದು ಬಿದ್ದವು. ಗಾಯಗೊಂಡ ರಿಂಟ್, ಕೆಲವು ಪೌಂಡು ತೂಕ ಹೆಚ್ಚಾದರೂ ಚಿಂತೆಯಿಲ್ಲ, ದುರ್ಬಲ ಭಾಗಗಳನ್ನು ಬಲಪಡಿಸಿ ಎಂದು ಚಾಪ್‌ಮನ್ ಅವರಿಗೆ ಪತ್ರ ಬರೆದು ಬೇಡಿಕೊಂಡರು. 1970ರ ಸೆಪ್ಟೆಂಬರ್ 5ರಂದು ಇಟಲಿಯ ಮೊಂಜಾದಲ್ಲಿ ಅಭ್ಯಾಸದ ವೇಳೆ ರಿಂಟ್ ಓಡಿಸುತ್ತಿದ್ದ ಲೋಟಸ್ 72ರ ಬಲ ಮುಂಬದಿಯ ಬ್ರೇಕ್ ಶಾಫ್ಟ್ ಮುರಿಯಿತು. ಕಾರು ತಡೆಬೇಲಿಗೆ ಬಡಿಯಿತು. ಸರಿಯಾಗಿ ಕಟ್ಟಿರದ ಆ ಬೇಲಿಯೂ ರಕ್ಷಣೆ ನೀಡಲಿಲ್ಲ. ವಿಶ್ವ ಚಾಂಪಿಯನ್ ಪಟ್ಟ ಮರಣೋತ್ತರವಾಗಿ ಸಂದದ್ದು ಫಾರ್ಮುಲಾ ಒನ್ ಇತಿಹಾಸದಲ್ಲಿ ರಿಂಟ್ ಒಬ್ಬರಿಗೇ.

ಅನಗತ್ಯವಾದ ಒಂದು ಗ್ರಾಂ ತೂಕವೂ ಇರಬಾರದೆಂಬುದು ಎಂಜಿನಿಯರನ ಶಿಸ್ತು. ಆದರೆ ಯಾವುದು ಅನಗತ್ಯ, ಯಾವುದು ಆಪತ್ಕಾಲದ ಆಸರೆ ಎಂದು ತೀರ್ಮಾನಿಸುವವರು ಕಾರಿನ ಹೊರಗಿರುತ್ತಾರೆ, ಅದರ ಫಲ ಉಣ್ಣುವವರು ಒಳಗಿರುತ್ತಾರೆ. ಚಾಪ್‌ಮನ್ ಬದುಕಿನ ಮೇಲಿನ ಅತಿ ದೊಡ್ಡ ಆಕ್ಷೇಪ ಇದೇ. ಆ ಯುಗದಲ್ಲಿ ಇತರ ತಂಡಗಳ ಚಾಲಕರೂ ಸಾಯುತ್ತಿದ್ದರು, ಟ್ರ್ಯಾಕುಗಳೂ ಅಪಾಯಕಾರಿಯಾಗಿದ್ದವು ಎಂಬುದು ನಿಜ. ಆದರೂ ಆ ಆಕ್ಷೇಪ ಪೂರ್ತಿ ಅಳಿಸಿ ಹೋಗುವುದಿಲ್ಲ.

ಮೃದುತ್ವ ಕೈಕೊಟ್ಟಾಗ

1977ರಿಂದಾಚೆಗೆ ಲೋಟಸ್ ಹೊಸ ದಾರಿ ತೆರೆಯಿತು. ಕಾರಿನ ಅಡಿಯನ್ನು ತಲೆಕೆಳಗಾದ ವಿಮಾನದ ರೆಕ್ಕೆಯಂತೆ ರೂಪಿಸಿದಾಗ, ಹರಿಯುವ ಗಾಳಿಯೇ ಕಾರನ್ನು ನೆಲಕ್ಕೆ ಹೀರಿಕೊಂಡಿತು. ಗ್ರೌಂಡ್ ಎಫೆಕ್ಟ್ ಎಂದು ಕರೆಯಲಾದ ಈ ತಂತ್ರದ ಲೋಟಸ್ 79 ಕಾರಿನೊಂದಿಗೆ 1978ರಲ್ಲಿ ಆಂಡ್ರೆಟ್ಟಿ ವಿಶ್ವ ಚಾಂಪಿಯನ್ ಆದರು. ಆದರೆ ಅದೇ ವರ್ಷ ಮೊಂಜಾದಲ್ಲಿ ಆರಂಭದಲ್ಲೇ ನಡೆದ ಸರಣಿ ಅಪಘಾತದಲ್ಲಿ ಗಾಯಗೊಂಡ ತಂಡದ ಇನ್ನೊಬ್ಬ ಚಾಲಕ ರೋನಿ ಪೀಟರ್ಸನ್ ಮರುದಿನ ಕೊನೆಯುಸಿರೆಳೆದರು.

ಈ ತಂತ್ರ ಚಾಪ್‌ಮನ್ ಅವರ ಮೂಲ ತತ್ವಕ್ಕೇ ತಿರುಗುಬಾಣವಾಯಿತು. ಗಾಳಿಯ ಹೀರಿಕೆ ಸ್ಥಿರವಾಗಿರಬೇಕಾದರೆ ಕಾರು ನೆಲದಿಂದ ಒಂದೇ ಎತ್ತರದಲ್ಲಿರಬೇಕು. ಅದಕ್ಕಾಗಿ ಸ್ಪ್ರಿಂಗುಗಳನ್ನು ಗಡಸು ಮಾಡುತ್ತಾ ಹೋಗಿ, ಕೊನೆಗೆ ಸಸ್ಪೆನ್ಷನ್ ಇದ್ದೂ ಇಲ್ಲದಂತಾಯಿತು. ಮೃದು ಸ್ಪ್ರಿಂಗಿನ ಪ್ರತಿಪಾದಕನ ಶೋಧವೇ ಎಲ್ಲ ತಂಡಗಳ ಚಾಲಕರ ಬೆನ್ನು ಮುರಿಯುವ ಕಾರುಗಳಿಗೆ ಕಾರಣವಾಯಿತು. ಗಡಸು ಮಾಡದೆ ಬಿಟ್ಟರೆ ಕಾರು ಕುಪ್ಪಳಿಸುತ್ತಿತ್ತು.

ಇದಕ್ಕೆ ಅವರು ಕಂಡ ಉತ್ತರ 1981ರ ಲೋಟಸ್ 88. ಅದರಲ್ಲಿ ಎರಡು ಚೌಕಟ್ಟುಗಳಿದ್ದವು. ಹೊರಗಿನದು ಗಾಳಿಯ ಒತ್ತಡವನ್ನು ನೇರವಾಗಿ ಚಕ್ರಗಳಿಗೆ ದಾಟಿಸುತ್ತಿತ್ತು. ಚಾಲಕ ಮತ್ತು ಎಂಜಿನ್ ಇದ್ದ ಒಳಗಿನದು ತನ್ನದೇ ಮೃದು ಸ್ಪ್ರಿಂಗುಗಳ ಮೇಲೆ ತೇಲುತ್ತಿತ್ತು. ಗಡಸುತನ ಒಬ್ಬರಿಗೆ, ಮೃದುತ್ವ ಇನ್ನೊಬ್ಬರಿಗೆ! ಎದುರಾಳಿ ತಂಡಗಳು ಪ್ರತಿಭಟಿಸಿದವು, ಅಧಿಕಾರಿಗಳು ನಿಷೇಧಿಸಿದರು. ಒಂದೇ ಒಂದು ಗ್ರಾನ್ ಪ್ರಿಯಲ್ಲೂ ಅದು ಸ್ಪರ್ಧಿಸಲಿಲ್ಲ. ಚಾಪ್‌ಮನ್ ಈ ನಿರ್ಧಾರದಿಂದ ತೀವ್ರವಾಗಿ ನೊಂದರು.

ಡಿಸೆಂಬರ್ 16, 1982

ಅವರು ಸುಮ್ಮನೆ ಕೂರಲಿಲ್ಲ. ಸ್ಪ್ರಿಂಗಿನ ಬದಲು ಕಂಪ್ಯೂಟರ್ ಆಜ್ಞೆಯಂತೆ ಹೈಡ್ರಾಲಿಕ್ ಒತ್ತಡದಿಂದ ಪ್ರತಿ ಚಕ್ರವನ್ನೂ ಏರಿಳಿಸುವ ಆಕ್ಟಿವ್ ಸಸ್ಪೆನ್ಷನ್ ಅವರ ಕಂಪನಿಯಲ್ಲಿ ರೂಪುಗೊಳ್ಳುತ್ತಿತ್ತು. ಅದನ್ನು ಅಳವಡಿಸಿದ ಫಾರ್ಮುಲಾ ಒನ್ ಕಾರು 1982ರ ಡಿಸೆಂಬರ್ 16ರಂದು ಟ್ರ್ಯಾಕಿಗಿಳಿಯಿತು. ಅದೇ ದಿನ 54 ವರ್ಷದ ಚಾಪ್‌ಮನ್ ಹೃದಯಾಘಾತದಿಂದ ನಿಧನರಾದರು. 1987ರಲ್ಲಿ ಐರ್ಟನ್ ಸೆನ್ನಾ ಮೊನಾಕೊದಲ್ಲಿ ಗೆದ್ದದ್ದು ಇದೇ ತಂತ್ರದ ಲೋಟಸ್‌ನಲ್ಲಿ. 1994ರಿಂದ ಫಾರ್ಮುಲಾ ಒನ್‌ನಲ್ಲಿ ಅದಕ್ಕೂ ನಿಷೇಧ ಬಿತ್ತು.

ಸಾವಿನ ಬಳಿಕ ಇನ್ನೊಂದು ಕರಿನೆರಳು ಆವರಿಸಿತು. ಅಮೆರಿಕದ ಜಾನ್ ಡೆಲೋರಿಯನ್ ಅವರ ಕಾರು ಯೋಜನೆಗೆ ಬ್ರಿಟಿಷ್ ಸರ್ಕಾರ ನೀಡಿದ್ದ ಹಣದಲ್ಲಿ ದೊಡ್ಡ ಮೊತ್ತ ನಾಪತ್ತೆಯಾಗಿತ್ತು. ಆ ಕಾರಿನ ಎಂಜಿನಿಯರಿಂಗ್ ಹೊಣೆ ಹೊತ್ತಿದ್ದು ಲೋಟಸ್. ಲೋಟಸ್‌ನ ಹಣಕಾಸು ನೋಡಿಕೊಳ್ಳುತ್ತಿದ್ದ ಫ್ರೆಡ್ ಬುಶೆಲ್ 1992ರಲ್ಲಿ ಜೈಲು ಸೇರಿದರು. ಚಾಪ್‌ಮನ್ ಬದುಕಿದ್ದರೆ ಅವರಿಗೆ ಇನ್ನೂ ಕಠಿಣ ಶಿಕ್ಷೆಯಾಗುತ್ತಿತ್ತೆಂದು ನ್ಯಾಯಾಧೀಶರು ಅಭಿಪ್ರಾಯಪಟ್ಟರು. ತೂಕದಂತೆ ನಿಯಮವನ್ನೂ ಕನಿಷ್ಠಕ್ಕೆ ಇಳಿಸಹೊರಟ ಸ್ವಭಾವದ ಫಲವದು ಎನ್ನದೆ ವಿಧಿಯಿಲ್ಲ.

ಇಂದಿಗೂ ಪ್ರಸ್ತುತ

ಹೀಗೆ ಏರಿಳಿತಗಳ ಈ ಬದುಕಿನಿಂದ ಇಂದಿನ ಟ್ರ್ಯಾಕ್ ಡೇ ಹವ್ಯಾಸಿಗಳು ಕಲಿಯಬೇಕಾದದ್ದು ಬಹಳಷ್ಟಿದೆ. ಮೊದಲು ಕಾರಿನಿಂದ ಅನಗತ್ಯ ಭಾರ ಇಳಿಸಬೇಕು. ಅದಕ್ಕೆ ಕಾಸು ಖರ್ಚಿಲ್ಲ. ಬಳಿಕ ಒಳ್ಳೆಯ ಟೈರು ಹಾಗೂ ಬ್ರೇಕಿನತ್ತ ಗಮನ ಹರಿಸಬೇಕು. ಸವೆದ ಬುಷ್‌ಗಳನ್ನು, ಸೋರುವ ಶಾಕ್ ಅಬ್ಸಾರ್ಬರುಗಳನ್ನು ಬದಲಿಸಬೇಕು. ಚಕ್ರಗಳ ಕೋನವನ್ನು ಸರಿಪಡಿಸಿಕೊಳ್ಳಬೇಕು. ಇಷ್ಟಾದ ಮೇಲೂ ಕಾರು ವಾಲುತ್ತಿದೆ ಎನಿಸಿದರೆ ಸ್ವಲ್ಪವೇ ಗಡಸಾದ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್, ಬೇಕಿದ್ದರೆ ಆಂಟಿ ರೋಲ್ ಬಾರ್. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರನ್ನು ಜೋಡಿಯಾಗಿ, ಉಳಿದದ್ದನ್ನು ಒಂದೊಂದಾಗಿ ಬದಲಿಸಿ ನೋಡುವುದು ಲೇಸು.

ಟ್ರ್ಯಾಕಿನಲ್ಲಿ ಕಾರು ಇರುವುದು ಕೆಲವು ಗಂಟೆ. ಅಲ್ಲಿಗೆ ಹೋಗಿ ಬರುವ ದಾರಿಯಲ್ಲಿ, ವರ್ಷದ ಉಳಿದ ದಿನಗಳಲ್ಲಿ ಅದು ಓಡುವುದು ಗುಂಡಿ, ಉಬ್ಬು, ಘಾಟಿಗಳ ಮೇಲೆ. ಮಕ್ಕಳು ಮರಿ ಕುಳಿತಿರುವಾಗ ಮಳೆಯಲ್ಲಿ ಒಮ್ಮೆಲೇ ಬ್ರೇಕ್ ಒತ್ತಬೇಕಾದ ಸಂದರ್ಭವೂ ಅಲ್ಲೇ ಬರುತ್ತದೆ. ಆ ಕ್ಷಣದಲ್ಲಿ ಚಕ್ರ ನೆಲ ಬಿಟ್ಟಿರಬಾರದು, ಅದನ್ನು ಹಿಡಿದಿರುವ ಬೋಲ್ಟೂ ಸಡಿಲವಾಗಿರಬಾರದು. ಮೊದಲ ಮಾತನ್ನು ಚಾಪ್‌ಮನ್ ತಮ್ಮ ಪ್ರತಿಭೆಯಿಂದ ಜಗತ್ತಿಗೆ ಕಲಿಸಿದರು. ಎರಡನೆಯದನ್ನು ಅವರ ಚಾಲಕರು ಪ್ರಾಣ ಕೊಟ್ಟು ಕಲಿಸಿದರು.